ಕಾನ್ರಾಡ್ ಗೆಸ್ನರ್: ಒಂಟಿಕೊಂಬಿನ ಕುದುರೆಯ ಚಿತ್ರ ಅಚ್ಚು ಹಾಕಿಸಿದ ವಿಜ್ಞಾನಿ

ಪಾಠದ ಚಾರ್ಟ್ ಬರೆಯುವಾಗ ನಾವು ಎಷ್ಟೋ ಸಲ ಕಣ್ಣಾರೆ ಕಾಣದ ಪ್ರಾಣಿಯನ್ನು ಬೇರೊಂದು ಚಿತ್ರ ನೋಡಿ ಬರೆಯುತ್ತೇವೆ. ಅದು ಸರಿಯೋ ತಪ್ಪೋ ಎಂದು ಮಕ್ಕಳು ಕೇಳಿದರೆ ಏನು ಹೇಳಬೇಕು? ಕಾನ್ರಾಡ್ ಗೆಸ್ನರ್ ಅವರ ಬದುಕಿನಲ್ಲಿ ಇದಕ್ಕೆ ಉತ್ತರವಿದೆ.

ಗೆಸ್ನರ್ 1516ರ ಮಾರ್ಚ್ 26ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಹುಟ್ಟಿದರು. ತಂದೆ ತುಪ್ಪಳದ ಚರ್ಮದ ಕೆಲಸ ಮಾಡುತ್ತಿದ್ದರು. ಬಡತನ, ಮನೆ ತುಂಬ ಮಕ್ಕಳು. ಆದ್ದರಿಂದ ಬಾಲಕ ಬಂಧುವೊಬ್ಬರ ಮನೆಯಲ್ಲಿ ಬೆಳೆದ. ಅವರು ಔಷಧಿ ಗಿಡಗಳನ್ನು ಬೆಳೆಸುತ್ತಿದ್ದರು. ಸಸ್ಯಗಳ ಮೇಲಿನ ಆಸಕ್ತಿ ಅಲ್ಲಿಯೇ ಹುಟ್ಟಿತು. 1531ರಲ್ಲಿ ತಂದೆ ಕಾಪೆಲ್ ಯುದ್ಧದಲ್ಲಿ ಮಡಿದರು. ಆದರೂ ಗುರುಗಳ ನೆರವಿನಿಂದ ಓದು ನಿಲ್ಲಲಿಲ್ಲ. 21ನೆಯ ವಯಸ್ಸಿಗೆ ಲೊಸಾನ್‌ನಲ್ಲಿ ಗ್ರೀಕ್ ಪ್ರಾಧ್ಯಾಪಕರಾದರು. 1541ರಲ್ಲಿ ಬಾಸೆಲ್‌ನಲ್ಲಿ ವೈದ್ಯ ಪದವಿ ಪಡೆದು, ಊರಿಗೆ ಮರಳಿ ವೈದ್ಯರಾಗಿ, ಅಧ್ಯಾಪಕರಾಗಿ ದುಡಿದರು.

ಪ್ರಾಣಿಗಳ ಬಗೆಗಿನ ಅವರ ಮಹಾಗ್ರಂಥ 'ಹಿಸ್ಟೋರಿಯಾ ಅನಿಮಾಲಿಯಂ'. ಇದರ ಮೊದಲ ಸಂಪುಟ 1551ರಲ್ಲಿ ಹೊರಬಂತು. ಎಲ್ಲ ಸಂಪುಟಗಳೂ ಸೇರಿ ಸುಮಾರು 4500 ಪುಟಗಳು. ಎಲ್ಲ ಪ್ರಾಣಿಗಳನ್ನೂ ಒಬ್ಬರೇ ನೋಡುವುದು ಸಾಧ್ಯವಿರಲಿಲ್ಲ. ದೂರದೂರದ ವಿದ್ವಾಂಸರು ಕಳಿಸಿದ ಚಿತ್ರ, ವಿವರಗಳನ್ನು ಕೂಡಿಸಿ, ಮರದ ಅಚ್ಚು ಕೆತ್ತಿಸಿ ಮುದ್ರಿಸಿದರು.

ಮೊದಲ ಸಂಪುಟದ ಎರಡು ಚಿತ್ರಗಳು ನಮಗೆ ಮುಖ್ಯ. ಒಂದು, ಹಣೆಯ ಮೇಲೆ ಉದ್ದ ಕೊಂಬಿರುವ ಯುನಿಕಾರ್ನ್. ಒಂಟಿಕೊಂಬಿನ ಇಂಥ ಪ್ರಾಣಿ ಭಾರತದಲ್ಲಿದೆ ಎಂದು ಗ್ರೀಕ್ ಲೇಖಕ ಕ್ಟೇಸಿಯಸ್ ಬಹಳ ಹಿಂದೆಯೇ ಬರೆದಿದ್ದ. ಅದರ ಕೊಂಬು ವಿಷಕ್ಕೆ ಮದ್ದೆಂದು ಯುರೋಪಿನಲ್ಲಿ ಭಾರೀ ಬೆಲೆಗೆ ಮಾರಾಟವಾಗುತ್ತಿತ್ತು. ಗೆಸ್ನರ್ ಚಿತ್ರ ಹಾಕಿದರು. ಆದರೆ ಇದು ಚಿತ್ರಗಾರರು ರೂಢಿಯಲ್ಲಿ ಬರೆಯುವ ರೂಪ, ಇದರ ಬಗ್ಗೆ ತಮಗೆ ಖಚಿತವಾಗಿ ಏನೂ ತಿಳಿದಿಲ್ಲ ಎಂದೂ ಜೊತೆಗೆ ಬರೆದರು.

ಇನ್ನೊಂದು ಘೇಂಡಾಮೃಗ. ಗುಜರಾತಿನ ಸುಲ್ತಾನ ಪೋರ್ಚುಗೀಸರಿಗೆ ಕೊಟ್ಟ ಘೇಂಡಾಮೃಗವೊಂದು 1515ರಲ್ಲಿ ನಮ್ಮ ನೆರೆಯ ಗೋವಾದಿಂದ ಹಡಗಿನಲ್ಲಿ ಲಿಸ್ಬನ್‌ಗೆ ಹೋಗಿತ್ತು. ಜರ್ಮನಿಯ ಕಲಾವಿದ ಡ್ಯೂರರ್ ಅದನ್ನು ನೋಡಿರಲಿಲ್ಲ. ಯಾರೋ ಕಳಿಸಿದ ರೇಖಾಚಿತ್ರ ಮತ್ತು ವಿವರಣೆಯ ಆಧಾರದ ಮೇಲೆ ಬರೆದರು. ಮೈಗೆ ಲೋಹದ ಕವಚದಂಥ ಪದರಗಳು ಬಂದವು, ಹೆಗಲ ಮೇಲೆ ಇಲ್ಲದ ಇನ್ನೊಂದು ಸಣ್ಣ ಕೊಂಬೂ ಬಂತು. ಗೆಸ್ನರ್ ಆ ಚಿತ್ರವನ್ನೇ ಬಳಸಿದರು, ಅದು ಡ್ಯೂರರ್ ಅವರದೆಂದು ತಿಳಿಸಿದರು. ಆ ಹೆಚ್ಚುವರಿ ಕೊಂಬು ಮುಂದೆ ಸುಮಾರು ಎರಡು ಶತಮಾನ ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತಾ ಹೋಯಿತು.

ಗೆಸ್ನರ್ 1565ರ ಡಿಸೆಂಬರ್ 13ರಂದು, 49ನೆಯ ವಯಸ್ಸಿನಲ್ಲಿ, ಪ್ಲೇಗಿನಿಂದ ತೀರಿಕೊಂಡರು. ಮಾರಾಟವಾಗುತ್ತಿದ್ದ ಆ ಕೊಂಬು ನಾರ್ವಾಲ್ ಎಂಬ ತಿಮಿಂಗಿಲದ ಹಲ್ಲು ಎಂದು ಡೆನ್ಮಾರ್ಕಿನ ವೈದ್ಯ ಓಲೆ ವರ್ಮ್ 1638ರಲ್ಲಿ ತೋರಿಸಿಕೊಟ್ಟರು.

ಪ್ರೌಢಶಾಲೆಯ ವಿಜ್ಞಾನ ತರಗತಿಯಲ್ಲಿ ಈ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ಯಾವ ಪ್ರಾಣಿ ನಿಜ, ಯಾವ ಭಾಗ ತಪ್ಪು, ಅದು ನಮಗೆ ಗೊತ್ತಾದದ್ದು ಹೇಗೆ ಎಂದು ಕೇಳಬಹುದು. ನಮ್ಮ ಚಾರ್ಟಿನ ಕೆಳಗೂ ಚಿತ್ರವನ್ನು ಎಲ್ಲಿಂದ ತೆಗೆದುಕೊಂಡೆವು ಎಂದು ಒಂದು ಸಾಲು ಬರೆದರೆ, ಮಕ್ಕಳು ಚಿತ್ರದ ಜೊತೆಗೆ ಆ ಪ್ರಶ್ನೆಯನ್ನೂ ಕಲಿಯುತ್ತಾರೆ.