ಮಹಾವೀರಾಚಾರ್ಯರು

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದ ಮೇಲಿರುವ ಮಳಖೇಡವು ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವಾಗಿತ್ತು. ಕ್ರಿ.ಶ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನು ವಿದ್ವಜ್ಜನರಿಗೆ ಆಶ್ರಯದಾತನಾಗಿದ್ದನು. ಕನ್ನಡಕ್ಕೆ ಕವಿರಾಜಮಾರ್ಗವು ದೊರೆತ ಆ ಕಾಲದಲ್ಲಿಯೇ, ಸುಮಾರು 850ರಲ್ಲಿ, ಜೈನ ವಿದ್ವಾಂಸರಾದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದರು.

ಆಚಾರ್ಯರ ತಂದೆತಾಯಿಗಳ ಹೆಸರನ್ನು ಚರಿತ್ರೆಯು ಉಳಿಸಿಲ್ಲ. ಅವರ ಬಾಳಿನ ಸಾರವೆಲ್ಲ ಅವರ ಗ್ರಂಥದಲ್ಲಿದೆ. ಅಂದು ಗಣಿತವು ಬಹುಮಟ್ಟಿಗೆ ಜ್ಯೋತಿಷಗ್ರಂಥಗಳ ಒಂದು ಭಾಗವಾಗಿತ್ತು. ಆಚಾರ್ಯರು ಗಣಿತಕ್ಕಾಗಿಯೇ ಮೀಸಲಾದ ಗ್ರಂಥವನ್ನು ಬರೆದು, ಅಡುಗೆ, ವೈದ್ಯ, ಸಂಗೀತ, ವಾಸ್ತುಗಳೆಲ್ಲಕ್ಕೂ ಎಣಿಕೆಯೇ ಆಧಾರವೆಂಬುದನ್ನು ಆರಂಭದಲ್ಲಿಯೇ ಸಾರಿದರು.

ಆ ಗ್ರಂಥದ ಒಂದು ಅಧ್ಯಾಯವು ತ್ರೈರಾಶಿಕಕ್ಕೆ ಮೀಸಲಾಗಿದೆ. ಆರ್ಯಭಟನೂ ಹೇಳಿದ್ದ ಈ ವಿಧಾನವನ್ನು ಆಚಾರ್ಯರು ವಿಸ್ತರಿಸಿ, ಬಗೆಬಗೆಯ ಲೆಕ್ಕಗಳಿಂದ ಬೆಳಗಿಸಿದರು. ಪ್ರಮಾಣ, ಫಲ, ಇಚ್ಛೆ ಎಂಬ ಮೂರು ರಾಶಿಗಳು ತಿಳಿದಿದ್ದರೆ ನಾಲ್ಕನೆಯದು ತಾನಾಗಿ ದೊರೆಯುತ್ತದೆ. ಅಫಜಲಪುರ ತಾಲ್ಲೂಕಿನ ಅತನೂರಿನಲ್ಲಿ 5 ಕಿಲೋ ತೊಗರಿಬೇಳೆಗೆ 600 ರೂಪಾಯಿ ಎಂದಿಟ್ಟುಕೊಳ್ಳೋಣ. 8 ಕಿಲೋಗೆ ಎಷ್ಟು? ಫಲವಾದ 600ನ್ನು ಇಚ್ಛೆಯಾದ 8ರಿಂದ ಗುಣಿಸಿ, ಪ್ರಮಾಣವಾದ 5ರಿಂದ ಭಾಗಿಸಿದರೆ 960 ರೂಪಾಯಿ.

ಆದರೆ ಸೂತ್ರವೊಂದನ್ನೇ ಕಂಠಪಾಠ ಮಾಡಿದರೆ ಸಾಲದು. ತೊಗರಿ ಹೊಲದ ಕಳೆಯನ್ನು 6 ಆಳುಗಳು 10 ದಿನಗಳಲ್ಲಿ ತೆಗೆಯುವರು. 15 ಆಳುಗಳಿಗೆ ಎಷ್ಟು ದಿನ ಬೇಕು? ಮೇಲಿನಂತೆಯೇ ಲೆಕ್ಕ ಹಾಕಿದರೆ 25 ದಿನವೆಂಬ ಅಸಂಗತ ಉತ್ತರ ಬರುತ್ತದೆ. ಆಳುಗಳು ಹೆಚ್ಚಿದಂತೆ ದಿನಗಳು ಕಡಿಮೆಯಾಗಬೇಕಷ್ಟೆ! ಇಲ್ಲಿ 6ನ್ನು 10ರಿಂದ ಗುಣಿಸಿ 15ರಿಂದ ಭಾಗಿಸಬೇಕು. ಉತ್ತರ 4 ದಿನ. ಇದೇ ವ್ಯಸ್ತ ತ್ರೈರಾಶಿಕ. ಒಂದು ಹೆಚ್ಚಿದಾಗ ಮತ್ತೊಂದು ಹೆಚ್ಚುವುದೋ ಕುಗ್ಗುವುದೋ ಎಂಬ ವಿವೇಕವೇ ಅನುಪಾತದ ಜೀವಾಳ.

ಈ ವಿವೇಕವು ನ್ಯಾಯಕ್ಕೂ ಅಗತ್ಯ. ಹೂಡಿದ ಬಂಡವಾಳಕ್ಕೆ ತಕ್ಕಂತೆ ಲಾಭವನ್ನು ಹಂಚುವ ಕ್ರಮವನ್ನೂ ಆಚಾರ್ಯರು ವಿವರಿಸಿದ್ದಾರೆ. ಇಬ್ಬರ ಬಂಡವಾಳ 2ಕ್ಕೆ 3ರಂತೆ ಇದ್ದರೆ, 500 ರೂಪಾಯಿ ಲಾಭದಲ್ಲಿ ಒಬ್ಬನಿಗೆ 200, ಇನ್ನೊಬ್ಬನಿಗೆ 300. ಲೆಕ್ಕ ಬಲ್ಲವನನ್ನು ವಂಚಿಸುವುದು ಸುಲಭವಲ್ಲ. ಲೆಕ್ಕವನ್ನು ಒಪ್ಪಿಕೊಂಡವರ ನಡುವೆ ಜಗಳಕ್ಕೆ ಎಡೆಯಿಲ್ಲ.

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 12ನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ಬರೆದನು. 1912ರಲ್ಲಿ ಎಂ. ರಂಗಾಚಾರ್ಯರು ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಿಂದ ಪ್ರಕಟಿಸಿದರು. ರಾಷ್ಟ್ರಕೂಟರ ಸಿಂಹಾಸನ ಅಳಿಯಿತು, ಮಾನ್ಯಖೇಟದ ಕೋಟೆ ಪಾಳುಬಿದ್ದಿತು. ಆಚಾರ್ಯರು ಬೋಧಿಸಿದ ಮೂರು ರಾಶಿಗಳ ಲೆಕ್ಕವು ಮಾತ್ರ ಇಂದಿಗೂ ನಮ್ಮ ಅಂಗಡಿಗಳಲ್ಲಿ, ಹೊಲಗಳಲ್ಲಿ ಬಳಕೆಯಲ್ಲಿದೆ.