ಜಾರ್ಜ್ ಸೈಮನ್ ಓಮ್ ಎಂಬ ಶಾಲಾ ಮಾಸ್ತರರು

ಲೋಹದ ತಂತಿಯ ವಿದ್ಯುತ್ ರೋಧವನ್ನು ಲೆಕ್ಕ ಹಾಕುವ ಕ್ರಮವನ್ನು ನನ್ನ ಸೇವಾವಧಿಯುದ್ದಕ್ಕೂ ಕರಿಹಲಗೆಯ ಮೇಲೆ ಬರೆದವನು ನಾನು. ತಂತಿಯ ಉದ್ದ ಇಮ್ಮಡಿಸಿದರೆ ರೋಧವೂ ಇಮ್ಮಡಿ. ಅಡ್ಡಕೊಯ್ತದ ವಿಸ್ತೀರ್ಣ ಇಮ್ಮಡಿಸಿದರೆ ರೋಧ ಅರ್ಧ. ಒಂದು ಚದರ ಮಿಲಿಮೀಟರ್ ಕೊಯ್ತದ ನೂರು ಮೀಟರ್ ತಾಮ್ರದ ತಂತಿಗೆ ಸುಮಾರು 1.7 ಓಮ್. ಈ ಹೆಸರನ್ನು ಓಂಕಾರವೆಂದೇ ಭಾವಿಸಿ ಮುಗುಳ್ನಗುತ್ತಿದ್ದ ಮಕ್ಕಳಿಗೆ, ಅದು ನಮ್ಮಂತೆಯೇ ಸೀಮೆಸುಣ್ಣ ಹಿಡಿದ ಒಬ್ಬ ಮಾಸ್ತರರ ಹೆಸರೆಂದು ತಿಳಿಸುವುದು ನನಗೆ ಪ್ರಿಯವಾದ ಕೆಲಸವಾಗಿತ್ತು.

ಓಮ್ ಅವರು 1789ರ ಮಾರ್ಚ್ 16ರಂದು ಜರ್ಮನಿಯ ಎರ್ಲಾಂಗೆನ್ ಪಟ್ಟಣದಲ್ಲಿ ಜನಿಸಿದರು. ಹತ್ತು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ತಂದೆ ಬೀಗ ಮಾಡುವ ಕಸುಬಿನವರು. ಸ್ವಂತ ಓದಿನಿಂದಲೇ ಗಣಿತವನ್ನು ಕಲಿತು ಮಕ್ಕಳಿಗೂ ಕಲಿಸಿದ ಅಪರೂಪದ ಮನುಷ್ಯ. ವಿಶ್ವವಿದ್ಯಾಲಯ ಸೇರಿದ ಮಗ ನೃತ್ಯ, ಬಿಲಿಯರ್ಡ್ಸ್ ಆಟಗಳಲ್ಲಿ ಕಾಲ ಕಳೆಯತೊಡಗಿದಾಗ ಅದೇ ತಂದೆ ಓದು ಬಿಡಿಸಿದರು. ಹುಡುಗ ಸ್ವಿಟ್ಜರ್ಲೆಂಡಿನ ಶಾಲೆಯೊಂದರಲ್ಲಿ ಉಪಾಧ್ಯಾಯನಾದನು. 1811ರಲ್ಲಿ ಡಾಕ್ಟರೇಟ್ ಪದವಿ ದೊರೆಯಿತು. 1817ರಲ್ಲಿ ಕೊಲೋನ್ ನಗರದ ಪ್ರೌಢಶಾಲೆಯ ಕೆಲಸ.

ಆ ಶಾಲೆಯ ಪ್ರಯೋಗಶಾಲೆಯಲ್ಲಿಯೇ ಅವರ ನಿಜವಾದ ಸಾಧನೆ ನಡೆಯಿತು. 1825ರಲ್ಲಿ ಪ್ರಕಟಿಸಿದ ಮೊದಲ ಸೂತ್ರ ಸರಿಯಿರಲಿಲ್ಲ. ಆಗಿನ ವಿದ್ಯುತ್ಕೋಶಗಳ ಬಲ ಅಳೆಯುತ್ತಿರುವಾಗಲೇ ಕುಗ್ಗುತ್ತಿತ್ತು. ಪೊಗೆನ್‌ಡಾರ್ಫ್ ಎಂಬ ಪತ್ರಿಕಾ ಸಂಪಾದಕರ ಸಲಹೆಯಂತೆ ಓಮ್ ಕೋಶಗಳನ್ನು ಬದಿಗಿಟ್ಟು, ಬಿಸ್ಮತ್ ಹಾಗೂ ತಾಮ್ರಗಳನ್ನು ಜೋಡಿಸಿ, ಒಂದು ಸಂಧಿಯನ್ನು ಕುದಿಯುವ ನೀರಿನ ಶಾಖದಲ್ಲಿಯೂ ಮತ್ತೊಂದನ್ನು ಮಂಜುಗಡ್ಡೆಯ ತಂಪಿನಲ್ಲಿಯೂ ಇರಿಸಿದರು. ಎರಡರ ಉಷ್ಣತೆಯೂ ಸ್ಥಿರವಾದ್ದರಿಂದ ವಿದ್ಯುತ್ತಿನ ಬಲವೂ ಸ್ಥಿರವಾಯಿತು. ಒಂದೇ ದಪ್ಪದ ಎಂಟು ತಾಮ್ರದ ತಂತಿಗಳು. ಅತಿ ಗಿಡ್ಡದು ಎರಡು ಅಂಗುಲ, ಅತಿ ಉದ್ದದ್ದು 130 ಅಂಗುಲ. ಒಂದೊಂದನ್ನೇ ಮಂಡಲಕ್ಕೆ ಸೇರಿಸಿ, ತೂಗುಬಿಟ್ಟ ಕಾಂತಸೂಜಿಯ ನೆರವಿನಿಂದ ಪ್ರವಾಹವನ್ನು ಅಳೆದರು. ತಂತಿಯ ಉದ್ದಕ್ಕೆ ಉಪಕರಣದ ಸ್ವಂತ ರೋಧವನ್ನೂ ಕೂಡಿಸಿದಾಗ ಲೆಕ್ಕ ಕೂಡಿಬಂತು. ಬೀಗದ ಕಸುಬಿನ ಮನೆಯ ಕೈಚಳಕ ಇಲ್ಲಿ ನೆರವಾಯಿತೆಂದೇ ನನ್ನ ಎಣಿಕೆ.

1827ರಲ್ಲಿ ಹೊರಬಂದ ಗ್ರಂಥವನ್ನು ಸ್ವದೇಶದ ವಿದ್ವಾಂಸರು ಆದರಿಸಲಿಲ್ಲ. ನೊಂದ ಓಮ್ ಮರುವರ್ಷ ಕೊಲೋನಿನ ಹುದ್ದೆಗೆ ರಾಜೀನಾಮೆ ಕೊಟ್ಟರು. ಮುಂದಿನ ಐದು ವರ್ಷ ಭದ್ರವಾದ ನೌಕರಿಯಿಲ್ಲ. ಮೂವತ್ತೊಂಬತ್ತರ ಪ್ರಾಯದಲ್ಲಿ ಕೈಯಲ್ಲಿದ್ದ ಸಂಬಳವನ್ನು ಬಿಡುವುದು ಎಂಥದೆಂದು ಉಪಾಧ್ಯಾಯರಾದವರಿಗೆ ಹೇಳಬೇಕಾಗಿಲ್ಲ. 1833ರಲ್ಲಿ ನ್ಯೂರೆಂಬರ್ಗಿನ ತಾಂತ್ರಿಕ ಶಾಲೆ ಕರೆಯಿತು. ಲಂಡನ್ನಿನ ರಾಯಲ್ ಸೊಸೈಟಿ 1841ರಲ್ಲಿ ಕಾಪ್ಲಿ ಪದಕವಿತ್ತ ಮೇಲೆ ಸ್ವದೇಶದಲ್ಲಿಯೂ ಮನ್ನಣೆ ಬೆಳೆಯಿತು. ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕ ಪೀಠ ದೊರೆತದ್ದು 1852ರಲ್ಲಿ. ಅದನ್ನು ಅವರು ಅನುಭವಿಸಿದ್ದು ಎರಡೇ ವರ್ಷ; 1854ರ ಜುಲೈ 6ರಂದು ನಿಧನರಾದರು. ರೋಧದ ಏಕಮಾನಕ್ಕೆ ಅವರ ಹೆಸರನ್ನು ಪ್ಯಾರಿಸ್ಸಿನ ಅಂತರರಾಷ್ಟ್ರೀಯ ಸಮ್ಮೇಳನ ಅಂಗೀಕರಿಸಿದ್ದು 1881ರಲ್ಲಿ.