ರಾಕೆಟ್ ಶಿಲ್ಪಿ ರಾಬರ್ಟ್ ಗೊಡ್ಡಾರ್ಡ್

ದೀಪಾವಳಿಯ ಇರುಳಿನಲ್ಲಿ ಹಚ್ಚಿದ ಬಾಣಬಿರುಸು ಸುಯ್ಯೆಂದು ಮೇಲಕ್ಕೇರಿ, ಕಿಡಿಗಳನ್ನು ಚೆಲ್ಲಿ ಕಣ್ಮರೆಯಾಗುತ್ತದೆ. ಸುಟ್ಟು ಕರಿದಾದ ಅದರ ಕಡ್ಡಿ ಎಲ್ಲಿ ಬಿದ್ದಿತೆಂದು ಯಾರೂ ಹುಡುಕುವುದಿಲ್ಲ. ಆದರೆ ಬಾನಿನ ಎತ್ತರದಲ್ಲಿ ಗಾಳಿಯ ಒತ್ತಡವೆಷ್ಟು, ಶೀತವೆಷ್ಟು ಎಂಬುದನ್ನು ಅಳೆದು ತರಲೆಂದು ಕಳುಹಿಸಿದ ರಾಕೆಟ್ಟು ಹಾಗೆ ಕಳೆದುಹೋದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಅದು ಏರಬೇಕು, ನೆಟ್ಟಗೆ ಏರಬೇಕು, ಏರಿದ ಮೇಲೆ ಮುರಿಯದೆ ನೆಲಕ್ಕಿಳಿಯಬೇಕು. ಈ ಮೂರನ್ನು ಸಾಧಿಸಲು ತನ್ನ ಆಯುಷ್ಯವನ್ನೇ ಸವೆಸಿದವನು ರಾಬರ್ಟ್ ಹಚಿಂಗ್ಸ್ ಗೊಡ್ಡಾರ್ಡ್.

ಅಮೆರಿಕ ಸಂಯುಕ್ತ ಸಂಸ್ಥಾನಗಳ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ವೂಸ್ಟರ್ ಎಂಬ ಪಟ್ಟಣವಿದೆ. 1882ನೆಯ ಇಸವಿ ಅಕ್ಟೋಬರ್ 5ರಂದು ಗೊಡ್ಡಾರ್ಡ್ ಅಲ್ಲಿ ಜನಿಸಿದನು. ಬಾಲ್ಯದಿಂದಲೂ ಅವನದು ರೋಗಿಷ್ಠ ಶರೀರ. ಎದೆಯ ಬೇನೆ, ಹೊಟ್ಟೆಯ ಬೇನೆಗಳಿಂದ ಶಾಲೆ ಪದೇ ಪದೇ ತಪ್ಪಿ, ಓರಗೆಯವರಿಗಿಂತ ಎರಡು ವರ್ಷ ಹಿಂದೆ ಬಿದ್ದನು. ಹಾಸಿಗೆ ಹಿಡಿದ ದಿನಗಳಲ್ಲಿ ಪುಸ್ತಕಗಳೇ ಅವನ ಸಂಗಾತಿಗಳು. ಮಂಗಳಗ್ರಹದ ಜೀವಿಗಳು ಭೂಮಿಗೆ ದಾಳಿಯಿಡುವ ಎಚ್. ಜಿ. ವೆಲ್ಸನ ಕಾದಂಬರಿಯನ್ನು ಅವನು ಹದಿನಾರನೆಯ ವಯಸ್ಸಿನಲ್ಲಿ ಓದಿದನು. ಮರುವರ್ಷ, ಎಂದರೆ 1899ರ ಅಕ್ಟೋಬರ್ 19ರಂದು, ಒಣಕೊಂಬೆಗಳನ್ನು ಕಡಿಯಲೆಂದು ಮನೆಯ ಹಿತ್ತಿಲಿನ ಚೆರಿಮರವನ್ನು ಹತ್ತಿದ ಹುಡುಗನು ಕೆಲಸವನ್ನು ಮರೆತು ಆಕಾಶವನ್ನೇ ನೋಡುತ್ತ ಕುಳಿತುಬಿಟ್ಟನು. ಮಂಗಳನವರೆಗೆ ಏರಿ ಹೋಗಬಲ್ಲ ಒಂದು ಯಂತ್ರವನ್ನು ಮಾಡಲು ಸಾಧ್ಯವಾದರೆ! ಮರದಿಂದ ಇಳಿಯುವ ಹೊತ್ತಿಗೆ ತನ್ನ ಬಾಳಿಗೆ ಒಂದು ಗುರಿ ಸಿಕ್ಕಿತೆಂದು ಅವನಿಗೆ ಅನಿಸಿತ್ತು. ಆ ದಿನವನ್ನು ಅವನು ಜೀವಮಾನವೆಲ್ಲ ಹಬ್ಬದಂತೆ ನೆನೆಯುತ್ತಿದ್ದನು.

ಕನಸು ಕಾಣುವುದು ಸುಲಭ. ಅದಕ್ಕೆ ಬೇಕಾದ ಗಣಿತವನ್ನು ಕಲಿಯುವುದು ಸುಲಭವಲ್ಲ. ಪ್ರೌಢಶಾಲೆ ಮುಗಿಯುವಾಗ ಅವನಿಗೆ ಇಪ್ಪತ್ತೊಂದು ವರ್ಷ. ಬಳಿಕ ತನ್ನ ಊರಿನ ಕ್ಲಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರವನ್ನು ಅಭ್ಯಸಿಸಿ 1911ರಲ್ಲಿ ಡಾಕ್ಟರೇಟ್ ಪದವಿ ಪಡೆದನು. ಮುಂದೆ ಪ್ರಿನ್ಸ್ಟನ್ನಿನಲ್ಲಿ ಸಂಶೋಧನೆಗೆ ತೊಡಗಿದನು. 1913ರಲ್ಲಿ ಕ್ಷಯರೋಗ ಅವನನ್ನು ನೆಲಕ್ಕೆ ಕೆಡವಿತು. ವೈದ್ಯರು ಅವನ ಆಸೆಯನ್ನು ಬಿಟ್ಟಿದ್ದರು. ಆದರೆ ಹಾಸಿಗೆಯಲ್ಲಿದ್ದುಕೊಂಡೇ ಅವನು ತನ್ನ ಕಲ್ಪನೆಗಳನ್ನು ಕ್ರಮಪಡಿಸಿದನು. 1914ರ ಜುಲೈ ತಿಂಗಳಿನಲ್ಲಿ ಅವನಿಗೆ ಎರಡು ಪೇಟೆಂಟುಗಳು ದೊರೆತವು. ಒಂದು ದ್ರವ ಇಂಧನದಿಂದ ಓಡುವ ರಾಕೆಟ್ಟಿನದು, ಮತ್ತೊಂದು ಹಂತಹಂತವಾಗಿ ಉರಿದು ಕಳಚಿಕೊಳ್ಳುವ ರಾಕೆಟ್ಟಿನದು. ಇಂದು ಚಂದ್ರನತ್ತ ಹೋಗುವ ರಾಕೆಟ್ಟುಗಳಲ್ಲಿಯೂ ಈ ಎರಡು ತತ್ತ್ವಗಳು ಕಾಣುತ್ತವೆ.

ಅಲ್ಲಿಯವರೆಗೆ ರಾಕೆಟ್ಟೆಂದರೆ ಮದ್ದು ತುಂಬಿದ ನಳಿಗೆ, ಅಷ್ಟೆ. ಹದಿನೆಂಟನೆಯ ಶತಮಾನದಲ್ಲಿ ಮೈಸೂರಿನ ಹೈದರ್ ಮತ್ತು ಟಿಪ್ಪುವಿನ ಸೈನಿಕರು ಕಬ್ಬಿಣದ ನಳಿಗೆಯ ರಾಕೆಟ್ಟುಗಳನ್ನು ಇಂಗ್ಲಿಷರ ಮೇಲೆ ಎಸೆದಿದ್ದರು. ಇಂಗ್ಲಿಷರು ಅವುಗಳನ್ನು ತಮ್ಮ ನಾಡಿಗೆ ಒಯ್ದು ಪರೀಕ್ಷಿಸಿ, ಅದೇ ಬಗೆಯ ಅಸ್ತ್ರಗಳನ್ನು ತಾವೂ ಮಾಡಿಕೊಂಡರು. ನೂರು ವರ್ಷ ಕಳೆದರೂ ಮದ್ದಿನ ರಾಕೆಟ್ಟು ಹೆಚ್ಚೇನೂ ಬದಲಾಗಿರಲಿಲ್ಲ. ಸಾಧಾರಣ ರಾಕೆಟ್ಟು ತನ್ನೊಳಗಿನ ಶಕ್ತಿಯಲ್ಲಿ ನೂರಕ್ಕೆ ಎರಡು ಪಾಲನ್ನು ಮಾತ್ರ ಚಲನೆಗೆ ಬಳಸುತ್ತದೆಯೆಂದು ಗೊಡ್ಡಾರ್ಡ್ ಅಳೆದು ಕಂಡುಕೊಂಡನು. ಸ್ವೀಡನ್ನಿನ ಡೆ ಲಾವಲ್ ಎಂಬ ಇಂಜಿನಿಯರು ಹಬೆಯ ಯಂತ್ರಗಳಿಗಾಗಿ ನಡು ಕಿರಿದಾಗಿ ತುದಿ ಅಗಲವಾದ ಮೂತಿಯನ್ನು ರೂಪಿಸಿದ್ದನು. ಅಂತಹ ಮೂತಿಯನ್ನು ಅಳವಡಿಸಿದಾಗ ಆ ಪಾಲು ಅರವತ್ತನ್ನೂ ಮೀರಿತು. ಗಾಳಿಯಿಲ್ಲದ ಕಡೆ ರಾಕೆಟ್ಟು ಯಾವುದನ್ನು ಒದ್ದು ಮುಂದೆ ಹೋದೀತು ಎಂಬುದು ಆ ಕಾಲದ ಬಹುಮಂದಿಯ ಸಂದೇಹ. ಗೊಡ್ಡಾರ್ಡ್ ನಿರ್ವಾತ ಮಾಡಿದ ಕೊಳವೆಯೊಳಗೆ ರಾಕೆಟ್ಟನ್ನು ಉರಿಸಿ, ನೂಕುಬಲ ಅಲ್ಲಿಯೂ ಉಂಟಾಗುವುದನ್ನು ತೋರಿಸಿದನು. ಹಿಂದಕ್ಕೆ ಚಿಮ್ಮುವ ಅನಿಲವೇ ರಾಕೆಟ್ಟನ್ನು ಮುಂದಕ್ಕೆ ತಳ್ಳುತ್ತದೆ. ಹೊರಗಿನ ಗಾಳಿಯ ಹಂಗು ಅದಕ್ಕಿಲ್ಲ.

1917ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆ ಅವನಿಗೆ 5,000 ಡಾಲರುಗಳ ನೆರವು ನೀಡಿತು. ಅದೇ ಸಂಸ್ಥೆ 1920ರ ಜನವರಿಯಲ್ಲಿ ಅವನ ಪ್ರಬಂಧವನ್ನು ಪ್ರಕಟಿಸಿತು. ಅದರ ಬಹುಭಾಗ ಮೇಲ್ಗಾಳಿಯ ಅಧ್ಯಯನಕ್ಕೆ ಬೇಕಾದ ಲೆಕ್ಕಾಚಾರ. ಕೊನೆಯಲ್ಲಿ ಮಾತ್ರ, ಚಂದ್ರನವರೆಗೆ ಒಂದಿಷ್ಟು ಬೆಳಕಿನ ಪುಡಿಯನ್ನು ಕಳುಹಿಸಿ ಅದು ಹೊತ್ತಿಕೊಳ್ಳುವುದನ್ನು ದೂರದರ್ಶಕದಿಂದ ನೋಡಬಹುದೆಂಬ ಸೂಚನೆಯಿತ್ತು. ಪತ್ರಿಕೆಗಳು ಆ ಒಂದು ಮಾತನ್ನೇ ಹಿಡಿದುಕೊಂಡವು. ನ್ಯೂಯಾರ್ಕಿನ ಪ್ರಸಿದ್ಧ ದಿನಪತ್ರಿಕೆಯೊಂದು, ಶಾಲೆಯ ಮಕ್ಕಳಿಗೆ ತಿಳಿದಿರುವ ಭೌತಶಾಸ್ತ್ರವೂ ಈ ಪ್ರಾಧ್ಯಾಪಕನಿಗೆ ತಿಳಿಯದೆಂದು ಗೇಲಿಮಾಡಿತು. ಅದೇ ಪತ್ರಿಕೆ ತನ್ನ ತಪ್ಪನ್ನು ತಿದ್ದಿಕೊಂಡದ್ದು 1969ರ ಜುಲೈ 17ರಂದು, ಮನುಷ್ಯರು ಚಂದ್ರನ ದಾರಿಯಲ್ಲಿದ್ದಾಗ. ಆ ವೇಳೆಗೆ ಗೊಡ್ಡಾರ್ಡ್ ಗತಿಸಿ ಇಪ್ಪತ್ತಮೂರು ವರ್ಷಗಳು ಕಳೆದಿದ್ದವು. ಸ್ವಭಾವತಃ ಮಿತಭಾಷಿಯಾದ ಅವನು ಈ ಅಪಹಾಸ್ಯದ ಬಳಿಕ ತನ್ನ ಕೆಲಸವನ್ನು ಮತ್ತಷ್ಟು ಗುಟ್ಟಾಗಿ ಇರಿಸಿಕೊಂಡನು.

ಮದ್ದನ್ನು ಬಿಟ್ಟು ಪೆಟ್ರೋಲು ಮತ್ತು ದ್ರವ ಆಮ್ಲಜನಕಗಳನ್ನು ಅವನು ಆರಿಸಿಕೊಂಡನು. 1926ರ ಮಾರ್ಚ್ 16ರಂದು, ಆಬರ್ನ್ ಎಂಬ ಹಳ್ಳಿಯಲ್ಲಿ, ತನ್ನ ಬಂಧುವಾದ ಎಫಿ ವಾರ್ಡ್ ಎಂಬಾಕೆಯ ಹೊಲದಲ್ಲಿ, ಸುಮಾರು ಹತ್ತು ಅಡಿ ಎತ್ತರದ ಒಂದು ವಿಚಿತ್ರ ಚೌಕಟ್ಟನ್ನು ನಿಲ್ಲಿಸಿದನು. ಯಂತ್ರ ಮೇಲ್ತುದಿಯಲ್ಲಿತ್ತು, ಇಂಧನದ ತೊಟ್ಟಿಗಳು ಕೆಳಗಿದ್ದವು. ಬೆಂಕಿ ಹೊತ್ತಿಕೊಂಡ ಮೇಲೂ ಕೆಲವು ಕ್ಷಣ ಅದು ಕದಲಲಿಲ್ಲ. ಇಂಧನ ಉರಿದು ಭಾರ ಇಳಿದಾಗ ಮೆಲ್ಲನೆ ಮೇಲೆದ್ದಿತು. ಎರಡೂವರೆ ಸೆಕೆಂಡುಗಳಲ್ಲಿ 41 ಅಡಿ ಎತ್ತರಕ್ಕೇರಿ, 184 ಅಡಿ ದೂರದಲ್ಲಿ ನೆಲಕ್ಕೆ ಬಡಿಯಿತು. ತೆಂಗಿನ ಮರದಷ್ಟೂ ಎತ್ತರವಲ್ಲದ ಈ ಜಿಗಿತವೇ ಲೋಕದ ಮೊಟ್ಟಮೊದಲ ದ್ರವ ಇಂಧನ ರಾಕೆಟ್ಟಿನ ಹಾರಾಟ. ಗೊಡ್ಡಾರ್ಡನ ಪತ್ನಿ ಎಸ್ತರ್ ಕೈಯಲ್ಲಿ ಚಲನಚಿತ್ರದ ಕ್ಯಾಮರಾ ಇತ್ತು. ಅದರ ಕೀಲಿ ಏಳು ಸೆಕೆಂಡುಗಳಿಗೆ ತೀರಿಹೋಗುತ್ತಿತ್ತು. ಹೀಗಾಗಿ ರಾಕೆಟ್ಟು ಏರುವಾಗ ಕ್ಯಾಮರಾ ನಿಂತುಹೋಗಿತ್ತು.

ಯಂತ್ರವನ್ನು ತಲೆಯ ಮೇಲೆ ಇರಿಸಿದರೆ ರಾಕೆಟ್ಟು ನೆಟ್ಟಗೆ ಹೋಗುವುದೆಂಬ ಎಣಿಕೆ ಸುಳ್ಳಾಯಿತು. ಮುಂದೆ ಅವನು ಯಂತ್ರವನ್ನು ಬುಡಕ್ಕೆ ಇಳಿಸಿದನು. 1929ರ ಜುಲೈ 17ರಂದು ಹಾರಿದ ರಾಕೆಟ್ಟು ವಾಯುಭಾರಮಾಪಕ, ಉಷ್ಣಮಾಪಕ ಮತ್ತು ಒಂದು ಪುಟ್ಟ ಕ್ಯಾಮರಾವನ್ನು ಹೊತ್ತಿತ್ತು. ಅದರ ಆರ್ಭಟಕ್ಕೆ ಬೆದರಿದ ಸುತ್ತಲಿನ ಜನರು ವಿಮಾನವೇ ಬಿದ್ದಿತೆಂದು ಪೊಲೀಸರನ್ನು ಕರೆಸಿದರು. ಆ ಪ್ರಾಂತದಲ್ಲಿ ರಾಕೆಟ್ಟು ಹಾರಿಸಲು ಅಧಿಕಾರಿಗಳು ಅಡ್ಡಿಮಾಡಿದರು. ಆದರೆ ಈ ಗದ್ದಲದ ಸುದ್ದಿ ಅಟ್ಲಾಂಟಿಕ್ ಸಾಗರವನ್ನು ಒಬ್ಬಂಟಿಯಾಗಿ ಹಾರಿ ದಾಟಿದ ಲಿಂಡ್‌ಬರ್ಗನ ಕಿವಿಗೂ ಬಿದ್ದಿತು. ಅವನ ಮಾತಿನಿಂದ ಧನಿಕನಾದ ಡೇನಿಯಲ್ ಗುಗೆನ್‌ಹೈಮ್ ದೊಡ್ಡ ಮೊತ್ತದ ನೆರವು ನೀಡಲು ಒಪ್ಪಿದನು. 1930ರಲ್ಲಿ ಗೊಡ್ಡಾರ್ಡ್ ನ್ಯೂ ಮೆಕ್ಸಿಕೊ ಪ್ರಾಂತದ ರಾಸ್ವೆಲ್ಲಿಗೆ ಹೋಗಿ ನೆಲಸಿದನು. ವಿಶಾಲವಾದ ಬಯಲು, ವಿರಳವಾದ ಜನ, ಶುಷ್ಕವಾದ ಹವೆ. ರಾಕೆಟ್ಟಿಗೂ ಅದು ಹಿತ, ಅವನ ಶ್ವಾಸಕೋಶಕ್ಕೂ ಹಿತ.

ರಾಸ್ವೆಲ್ಲಿನಲ್ಲಿ ರಾಕೆಟ್ಟು ಇಂದು ನಾವು ಬಲ್ಲ ನೀಳವಾದ ಆಕಾರವನ್ನು ತಾಳಿತು. 1935ರ ಸುಮಾರಿನ ರಾಕೆಟ್ಟುಗಳ ಉದ್ದ ಹದಿನೈದು ಅಡಿಯ ಆಸುಪಾಸು. ಅಡ್ಡಳತೆಯಾದರೋ ಒಂಬತ್ತೇ ಅಂಗುಲ. ಗಾಳಿಯನ್ನು ಸೀಳಿಕೊಂಡು ಹೋಗುವ ವಸ್ತು ಎಷ್ಟು ಸಪೂರವಾಗಿದ್ದರೆ ಗಾಳಿಯ ತಡೆ ಅಷ್ಟು ಕಡಿಮೆ. ಆದರೆ ಸಪೂರ ಕೊಳವೆಯೊಳಗೆ ಎರಡು ತೊಟ್ಟಿಗಳು, ನಳಿಗೆಗಳು, ಕವಾಟಗಳು ಎಲ್ಲವೂ ಹಿಡಿಸಬೇಕು. ನಾಲ್ಕೈದು ಮಂದಿ ಕುಶಲಕರ್ಮಿಗಳು ತೆಳ್ಳನೆಯ ಲೋಹದ ತಗಡುಗಳನ್ನು ಬಾಗಿಸಿ, ಬೆಸುಗೆ ಹಾಕಿ, ಒಂದೊಂದು ರಾಕೆಟ್ಟನ್ನೂ ಕೈಯಿಂದಲೇ ಕಟ್ಟುತ್ತಿದ್ದರು. ದಾರಿ ತಪ್ಪದಂತೆ ಕಾಯಲು ಒಳಗೆ ಗೈರೊಸ್ಕೋಪು ಎಂಬ ಸಾಧನವಿತ್ತು. ರಭಸದಿಂದ ತಿರುಗುವ ಬುಗುರಿ ತನ್ನ ನಿಲುವನ್ನು ಬಿಡುವುದಿಲ್ಲವಷ್ಟೆ? ರಾಕೆಟ್ಟು ನೆಟ್ಟ ನಿಲುವಿನಿಂದ ಹತ್ತು ಡಿಗ್ರಿ ವಾಲಿದೊಡನೆ ಈ ಬುಗುರಿ ಬುಡದ ಪಟ್ಟಿಗಳನ್ನು ಅಲುಗಿಸಿ, ಬೆಂಕಿಯ ಧಾರೆಯನ್ನು ಓರೆಮಾಡಿ, ಮತ್ತೆ ದಾರಿಗೆ ತರುತ್ತಿತ್ತು. 1935ರ ಮಾರ್ಚ್ 28ರಂದು ಹಾಗೆ ಸಾಗಿದ ರಾಕೆಟ್ಟು 4,800 ಅಡಿ ಏರಿತು.

ಏರಿದ್ದನ್ನು ಇಳಿಸುವುದು ಇನ್ನೂ ಕಷ್ಟ. ಗಾಳಿಕೊಡೆಯನ್ನು, ಎಂದರೆ ಪ್ಯಾರಚೂಟನ್ನು, ಮಡಿಸಿ ಮೇಲ್ತುದಿಯ ಟೊಪ್ಪಿಗೆಯೊಳಗೆ ಇರಿಸುತ್ತಿದ್ದರು. ರಾಕೆಟ್ಟು ತುತ್ತತುದಿಯನ್ನು ಮುಟ್ಟಿ, ವೇಗ ಉಡುಗಿ, ಕೆಳಕ್ಕೆ ಹೊರಳುವ ಗಳಿಗೆಯಲ್ಲಿ ಅದು ಬಿಚ್ಚಿಕೊಳ್ಳಬೇಕು. ಮುಂಚೆ ಬಿಚ್ಚಿದರೆ ಗಾಳಿಯ ಸೆಳೆತಕ್ಕೆ ಬಟ್ಟೆ ಹರಿಯುತ್ತದೆ. ತಡವಾದರೆ ರಾಕೆಟ್ಟು ಈಟಿಯಂತೆ ನೆಲಕ್ಕೆ ನಾಟುತ್ತದೆ. ಈ ಗಾಳಿಕೊಡೆಗಳನ್ನು ಹೊಲಿದುಕೊಟ್ಟವಳು ಎಸ್ತರ್. ಚಿತ್ರ ತೆಗೆಯುವುದು, ಬಯಲಿನ ಹುಲ್ಲಿಗೆ ಬೆಂಕಿ ತಗುಲಿದರೆ ಆರಿಸುವುದು ಸಹ ಅವಳ ಕೆಲಸವೇ. ಕೊಡೆ ಬಿಚ್ಚಿಕೊಂಡ ದಿನ ತಿಂಗಳುಗಟ್ಟಲೆಯ ದುಡಿಮೆ ಉಳಿಯುತ್ತಿತ್ತು. ಬಿಚ್ಚದ ದಿನ ನುಜ್ಜುಗುಜ್ಜಾದ ತಗಡುಗಳನ್ನು ಆಯ್ದು ತರಬೇಕಾಗುತ್ತಿತ್ತು. ಆ ಚೂರುಗಳನ್ನೂ ಗೊಡ್ಡಾರ್ಡ್ ಎಸೆಯುತ್ತಿರಲಿಲ್ಲ. ಯಾವ ಬೆಸುಗೆ ಬಿಟ್ಟಿತು, ಯಾವ ಕವಾಟ ಹೆಪ್ಪುಗಟ್ಟಿತು ಎಂಬುದನ್ನು ಅವುಗಳಿಂದಲೇ ತಿಳಿಯಬೇಕಾಗಿತ್ತು. ಈಗ ಹಲವು ದೇಶಗಳ ವಿದ್ಯಾರ್ಥಿಗಳು ಕಾಗದದ ಸಪೂರ ಕೊಳವೆಯಿಂದ ಮಾದರಿ ರಾಕೆಟ್ಟುಗಳನ್ನು ಮಾಡಿ ಹಾರಿಸುತ್ತಾರೆ. ಅವುಗಳ ತಲೆಯ ಟೊಪ್ಪಿಗೆಯೂ ತುದಿಯಲ್ಲಿ ಕಳಚಿ ಪುಟ್ಟ ಕೊಡೆಯನ್ನು ಹೊರಹಾಕುತ್ತದೆ. ಅಲ್ಲಿಯೂ ಹೊತ್ತು ತಪ್ಪಿದರೆ ಫಲ ಒಂದೇ.

1935ರ ಸೆಪ್ಟೆಂಬರಿನಲ್ಲಿ ಲಿಂಡ್‌ಬರ್ಗನೂ ಡೇನಿಯಲ್ಲನ ಮಗ ಹ್ಯಾರಿ ಗುಗೆನ್‌ಹೈಮನೂ ಹಾರಾಟವನ್ನು ನೋಡಲು ಬಂದರು. ನೆರವಿತ್ತವರ ಎದುರಿಗೇ ಎರಡು ಪ್ರಯತ್ನಗಳೂ ವಿಫಲವಾದವು. ಗೊಡ್ಡಾರ್ಡನಿಗಾದ ಸಂಕಟವನ್ನು ಊಹಿಸಬಹುದು. ಅತಿಥಿಗಳು ಮಾತ್ರ ನಂಬಿಕೆ ಕಳೆದುಕೊಳ್ಳಲಿಲ್ಲ. 1937ರ ಮಾರ್ಚ್ 26ರಂದು ಅವನ ರಾಕೆಟ್ಟು ಎಂಟರಿಂದ ಒಂಬತ್ತು ಸಾವಿರ ಅಡಿಗಳವರೆಗೆ ಏರಿತು. ಅವನು ಮುಟ್ಟಿದ ಅತಿ ಹೆಚ್ಚಿನ ಎತ್ತರ ಅದೇ. ಐದೂವರೆ ವರ್ಷಗಳ ಬಳಿಕ, 1942ರ ಅಕ್ಟೋಬರಿನಲ್ಲಿ, ಜರ್ಮನರ ಯುದ್ಧರಾಕೆಟ್ಟು ಎಂಬತ್ತು ಕಿಲೋಮೀಟರುಗಳಿಗೂ ಮೇಲಕ್ಕೆ ಹೋಯಿತು. ಅಲ್ಲಿ ಸಾವಿರಾರು ಜನ ದುಡಿದಿದ್ದರು, ಸರಕಾರದ ಬೊಕ್ಕಸವೇ ತೆರೆದಿತ್ತು. ಇಲ್ಲಿ ಇದ್ದುದು ಒಂದು ಕೊಟ್ಟಿಗೆಯಂತಹ ಕಾರ್ಯಾಗಾರ. ಆದರೂ ಇತರ ತಜ್ಞರೊಡನೆ ಬೆರೆತು ಕೆಲಸ ಮಾಡಿದ್ದರೆ ಗೊಡ್ಡಾರ್ಡ್ ಇನ್ನಷ್ಟು ದೂರ ಸಾಗುತ್ತಿದ್ದನೇನೊ. ಕಾಲಟೆಕ್ಕಿನ ತರುಣ ಸಂಶೋಧಕನೊಬ್ಬನು ಅವನನ್ನು ಕಾಣಲು ಬಂದಾಗಲೂ ಅವನು ತನ್ನ ಗುಟ್ಟುಗಳನ್ನು ಬಿಟ್ಟುಕೊಡಲಿಲ್ಲ.

ಯುದ್ಧಕಾಲದಲ್ಲಿ ಅವನು ಅನ್ನಾಪೊಲಿಸ್ಸಿನಲ್ಲಿ ನೌಕಾಪಡೆಗಾಗಿ, ವಿಮಾನಗಳು ನೆಲಬಿಟ್ಟು ಏಳಲು ನೆರವಾಗುವ ರಾಕೆಟ್ಟುಗಳನ್ನು ರೂಪಿಸಿದನು. ಗಂಟಲಿನ ಅರ್ಬುದರೋಗದಿಂದ 1945ರ ಆಗಸ್ಟ್ 10ರಂದು ಬಾಲ್ಟಿಮೋರಿನಲ್ಲಿ ಕಾಲವಾದನು. ಎಸ್ತರ್ ಅವನ ಟಿಪ್ಪಣಿಗಳನ್ನೂ ಚಿತ್ರಗಳನ್ನೂ ವರ್ಷಗಟ್ಟಲೆ ಕುಳಿತು ಓರಣಗೊಳಿಸಿದಳು. ಅವನ ಹೆಸರಿನಲ್ಲಿರುವ 214 ಪೇಟೆಂಟುಗಳಲ್ಲಿ 131 ದೊರೆತದ್ದು ಅವನ ಮರಣಾನಂತರ, ಅವಳ ಪರಿಶ್ರಮದಿಂದ. ಆ ಪೇಟೆಂಟುಗಳನ್ನು ಬಳಸಿಕೊಂಡುದಕ್ಕಾಗಿ ಅಮೆರಿಕದ ಸರಕಾರ 1960ರಲ್ಲಿ ಹತ್ತು ಲಕ್ಷ ಡಾಲರುಗಳನ್ನು ತೆತ್ತಿತು.